ಬಾಗಿಲ ಪಕ್ಕದ ಸಾಲು

ಇಲಿಯನ್ನು ಕೊಲ್ಲುವುದಕ್ಕೂ ಕೈಗುಣ ಬೇಕು. ಎಡಗೈಯ ಎರಡು ಬೆರಳು ಕತ್ತಿನ ಹಿಂದೆ, ಬಲಗೈಯಲ್ಲಿ ಬಾಲದ ಬುಡ, ಒಂದೇ ಎಳೆತ. ಟಕ್ ಎಂದರೆ ಮುಗಿಯಿತು. ಎರಡನೆಯ ಸಲ ಎಳೆಯಬೇಕಾಗಿ ಬಂತೋ, ಆ ಜೀವಕ್ಕೆ ನೀವು ಅನ್ಯಾಯ ಮಾಡಿದಿರಿ ಎಂದೇ ಲೆಕ್ಕ. ಇಲಿಯಕ್ಕ ಎರಡನೆಯ ಸಲ ಎಳೆದವಳಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊರಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು ಬಂದು, ಮುಂದಿನ ಇಲಿಗೆ ಕೈ ಹಾಕಿದವಳು. ಆಮೇಲೆ ಕೈ ಪಳಗಿತು. ಕೊಲ್ಲುವ ಮುಂಚೆ ಪ್ರತಿ ಇಲಿಯನ್ನೂ ಅಂಗೈಯಲ್ಲಿ ಮುಚ್ಚಿ ಹಿಡಿದು, ಅದರ ಎದೆಬಡಿತ ಒಂದಿಷ್ಟು ಇಳಿಯುವವರೆಗೆ ಕಾಯುತ್ತಿದ್ದಳು. "ಹೆದರ್ಬೇಡ ಮರಿ, ಆಯ್ತು, ಆಯ್ತು" ಎನ್ನುತ್ತಿದ್ದಳು. ನಗುವವರು ನಗಲಿ, ಅದು ಅವಳ ಪದ್ಧತಿ.

ಅವಳ ನಿಜವಾದ ಹೆಸರು ಹಾಜರಿ ಹಾಕುವವರಿಗಷ್ಟೇ ಗೊತ್ತಿತ್ತು. ಪ್ರಯೋಗಶಾಲೆಯ ಇಲಿಮನೆಯಲ್ಲಿ ಕೆಲಸ, ಅಲ್ಲಿದ್ದವರಲ್ಲಿ ವಯಸ್ಸಿಗೆ ದೊಡ್ಡವಳು, ಹಾಗಾಗಿ ಎಲ್ಲರ ಬಾಯಲ್ಲೂ ಇಲಿಯಕ್ಕ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪೆಟ್ಟಿಗೆಗಳ ಒದ್ದೆ ಹೊಟ್ಟು ಬಳಿದು ಹಾಕಿ, ಒಣ ಹೊಟ್ಟು ಹರಡಿ, ನೀರಿನ ಬಾಟಲಿ ತೊಳೆದು ತುಂಬಿ, ತಿನ್ನಲು ಹಾಕಿ, ಸತ್ತದ್ದು ಇದ್ದರೆ ಎತ್ತಿಡುವುದು. ಮೈಗೆಲ್ಲ ಇಲಿಯುಚ್ಚೆಯ ವಾಸನೆ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಎದ್ದು ಹೋದರೆ, "ಒಳ್ಳೇದಾಯ್ತು, ಕಾಲು ಚಾಚ್ಕೊಂಡು ಕೂರಬಹುದು" ಎಂದು ಕಿಟಕಿಯ ಕಡೆ ಸರಿದು ಕೂರುತ್ತಿದ್ದಳು.

ಆ ಕೆಲಸ ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಹನ್ನೊಂದು ವರ್ಷ ಒಬ್ಬ ಗಂಡನ ಕೈಯಲ್ಲಿ ಏಟು ತಿಂದವಳು ಅವಳು. ಗಂಡ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಒಳ್ಳೆಯ ಕೆಲಸಗಾರ. ಊರೆಲ್ಲ ಹೊಗಳುವ ಆ ಕೈಯೇ ಮನೆಗೆ ಬಂದಾಗ ಬೇರೆಯಾಗುತ್ತಿತ್ತು. ಹೊಡೆಯುವುದಕ್ಕೆ ಅವನದೊಂದು ಕ್ರಮವಿತ್ತು. ಮೊದಲು ಅವಳ ಜಡೆಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದು, ಆಮೇಲೆ ಆ ಕೈಯನ್ನು ಕೆಳಗೆ ಎಳೆಯುವುದು. ಎಳೆದರೆ ಮುಖ ತಾನಾಗಿ ಮೇಲಕ್ಕೆ ಬರುತ್ತಿತ್ತು, ಇನ್ನೊಂದು ಕೈಗೆ ಅನುಕೂಲ. "ಇವಳ ಜುಟ್ಟು ನನ್ನ ಕೈಲಿದೆ" ಎಂದು ಗ್ಯಾರೇಜಿನಲ್ಲಿ ನಗುತ್ತಾ ಹೇಳುತ್ತಿದ್ದನಂತೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೊಡೆದ, ಮಕ್ಕಳಾಗಲಿಲ್ಲ ಎಂದು ಹೊಡೆದ, ಸುಮ್ಮನೆ ಕೂತಿದ್ದಾಳೆ ಎಂದು ಹೊಡೆದ. ಹೊಡೆಯುವವನಿಗೆ ನೆಪಕ್ಕೇನು ಬರವೇ?

ಕೊನೆಯ ಸಲ ಹೊಡೆದದ್ದು ಒಂದು ಭಾನುವಾರದ ಮಧ್ಯಾಹ್ನ. ಜಡೆ ಸುತ್ತಿ ಹಿಡಿದು ಪಾತ್ರೆ ತೊಳೆಯುವ ಕಲ್ಲುತೊಟ್ಟಿಯ ಅಂಚಿಗೆ ಅವಳ ಬಾಯಿ ಬಡಿದ. ಎರಡು ಹಲ್ಲು ತೊಟ್ಟಿಯೊಳಗೆ ಬಿದ್ದವು. ತೊಳೆಯದೆ ಬಿದ್ದಿದ್ದ ತಟ್ಟೆಯ ಮೇಲೆ ರಕ್ತ ಹನಿಯುವುದನ್ನು ನೋಡುತ್ತಾ, 'ಇನ್ನೊಂದು ಸಲ ಎಳೆದರೆ ಇವನು ನನ್ನನ್ನು ಕೊಂದೇ ಬಿಡುತ್ತಾನೆ, ಅದೂ ಒಂದೇ ಏಟಿಗೆ ಕೊಲ್ಲುವ ಕೈಗುಣ ಇವನಿಗಿಲ್ಲ' ಎಂದುಕೊಂಡಳು. ಅವನು ಮಲಗಿ ಗೊರಕೆ ಹೊಡೆಯತೊಡಗಿದ ಮೇಲೆ ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಬಿದ್ದಳು. ಅಣ್ಣನ ಮನೆಗೆ ಹೋದರೆ ಅವನು ಬಾಗಿಲಲ್ಲೇ ನಿಂತು, "ನೋಡಮ್ಮ, ಒಂದು ದಿನ ಎರಡು ದಿನ ಇರು, ಬೇಡ ಅನ್ನಲ್ಲ. ಆಮೇಲೆ ನಿಮ್ಮನೇಗೆ ಹೋಗು" ಎಂದ. ಅವಳು ಒಂದು ಲೋಟ ನೀರು ಕುಡಿದು ಹೊರಟಳು. ಇಲಿಮನೆಯ ಸಂಬಳ ನಂಬಿ, ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಳು. ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಆ ತೊಟ್ಟಿಯಿರುವ ಮನೆಯೇ ಗತಿ. ಇದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವಳ ಮೇಲಿನವರು ಮೇಡಂ, ವಿಜ್ಞಾನಿ. ವಯಸ್ಸಿನಲ್ಲಿ ಇಲಿಯಕ್ಕನಿಗಿಂತ ಚಿಕ್ಕವರು, ಸಿಡುಕು ಮೂಗಿನ ಮೇಲೆ, ಆದರೆ ಕೇಳಿದ್ದಕ್ಕೆ ಬಿಡಿಸಿ ಹೇಳುವ ತಾಳ್ಮೆಯಿದ್ದವರು. ಅವರು ಹುಡುಕುತ್ತಿದ್ದುದು ಕೂದಲ ಗುಟ್ಟನ್ನು. ಕರಿ ಇಲಿಗಳಿಗೆ ಮತ್ತಿನ ಮದ್ದು ಕೊಟ್ಟು ಮಲಗಿಸಿ, ಬೆನ್ನಿಗೆ ಬೆಚ್ಚಗಿನ ಮೇಣ ಸವರಿ, ಆರಿದ ಮೇಲೆ ಪಟ್ಟನೆ ಕಿತ್ತರೆ ಕೂದಲೆಲ್ಲ ಬುಡಸಮೇತ ಬರುತ್ತಿತ್ತು. ಕಿತ್ತ ಮೇಲೆ ಎಲ್ಲ ಬುಡಗಳೂ ಒಟ್ಟಿಗೇ ಎಚ್ಚರಗೊಂಡು ಹೊಸ ಕೂದಲು ಶುರುಮಾಡುತ್ತಿದ್ದವು. ಬೆಳೆಯುತ್ತಿರುವಷ್ಟು ಕಾಲ ಆ ಇಲಿಯ ಚರ್ಮ ಒಳಗಿನಿಂದ ಕಪ್ಪಗಿರುತ್ತದೆ, ಬೆಳೆಯುವುದು ನಿಂತರೆ ಬಣ್ಣ ಹೋಗಿ ಕೆಂಪು ಕೆಂಪಗೆ ಕಾಣುತ್ತದೆ. ಇಲಿಯನ್ನು ಕೊಂದು, ಬೆನ್ನಿನ ಚರ್ಮ ಸುಲಿದು, ತಿರುಗಿಸಿ ನೋಡಿದರೆ ಗೊತ್ತಾಗಿಬಿಡುತ್ತಿತ್ತು.

"ಕೂದಲಿಗೂ ಒಂದು ಸರದಿ ಇದೆ ಇಲಿಯಕ್ಕ" ಎಂದು ಮೇಡಂ ಒಮ್ಮೆ ಮೇಣ ಕೀಳುತ್ತಾ ಹೇಳಿದ್ದರು. "ಬೆಳೆಯುತ್ತೆ, ಆಮೇಲೆ ಬುಡ ಮುದುಡಿಕೊಳ್ಳುತ್ತೆ, ಒಂದಷ್ಟು ಕಾಲ ಮಲಗುತ್ತೆ, ಉದುರುತ್ತೆ, ಮತ್ತೆ ಹೊಸದು ಬರುತ್ತೆ. ಈ ಸರದೀಲಿ ನರಗಳೂ ಕೈ ಆಡಿಸ್ತವೆ. ಚರ್ಮದಲ್ಲಿರೋ ನರದ ತುದಿಗಳು ನ್ಯೂರೋಪೆಪ್ಟೈಡ್ ಅನ್ನೋ ಪದಾರ್ಥ ಬಿಡ್ತವೆ. ಹೆದರಿಕೆ ಆದಾಗ ಜಾಸ್ತಿ ಬಿಡ್ತವೆ. ಅದು ಕೂದಲ ಬುಡಕ್ಕೆ ಹೋಗಿ, ಸಾಕು ಅಂಗಡಿ ಮುಚ್ಚು ಅನ್ನುತ್ತೆ."

"ಅಂದ್ರೆ ಹೆದರಿಕೆ ಇರೋದು ತಲೇಲಿ ಅಲ್ವಾ ಮೇಡಂ? ಚರ್ಮದಲ್ಲಾ?"

"ಎರಡು ಕಡೇನೂ. ನಮ್ಮ ತಲೆ ಮರೆತಿದ್ರೂ ಚರ್ಮ ಮರೆಯಲ್ಲ. ಮನುಷ್ಯರಿಗಾದ್ರೆ ಏಟು ಬಿದ್ದು ಎರಡು ಮೂರು ತಿಂಗಳಾದ ಮೇಲೆ ಕೂದಲು ಉದುರೋಕೆ ಶುರುವಾಗುತ್ತೆ. ಎಲ್ಲರೂ ಎಣ್ಣೆ ಬದಲಾಯಿಸ್ತಾರೆ, ಸೋಪು ಬದಲಾಯಿಸ್ತಾರೆ. ಕಾರಣ ಹಿಂದೆ ಎಲ್ಲೋ ಇರುತ್ತೆ. ಆ ಕಾರಣ ದೂರ ಆದ್ರೆ ಕೂದಲು ತಾನಾಗಿ ಬರುತ್ತೆ."

ಇಲಿಯಕ್ಕ ತಲೆಗೆ ಸುತ್ತಿದ್ದ ಬಟ್ಟೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಅವಳ ಕೂದಲು ಆಗಲೇ ಹಿಡಿ ಹಿಡಿಯಾಗಿ ಉದುರುತ್ತಿತ್ತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ನೀರು ಹೋಗುವ ಕಿಂಡಿಯಲ್ಲಿ, ಎಲ್ಲಿ ನೋಡಿದರೂ ಕೂದಲು. ಬಿದ್ದದ್ದನ್ನೆಲ್ಲ ಒಂದು ಚೀಲದಲ್ಲಿ ಗುಡ್ಡೆ ಹಾಕಿ, ಅದರಲ್ಲೇ ಒಂದು ಚೌರಿ ಕಟ್ಟಿಕೊಂಡಿದ್ದಳು. ಬೆಳಿಗ್ಗೆ ಆ ಚೌರಿಯನ್ನು ಉಳಿದಿದ್ದ ಮೋಟು ಜುಟ್ಟಿಗೆ ಸೇರಿಸಿ ಹೆಣೆದರೆ ಹಳೆಯ ಜಡೆಯಂತೆಯೇ ಕಾಣುತ್ತಿತ್ತು. ಯಾರೂ ಏನೂ ಕೇಳಬಾರದು, ಅಷ್ಟೇ ಅವಳಿಗೆ ಬೇಕಾದದ್ದು.

ಆ ಸಲದ ಪ್ರಯೋಗಕ್ಕೆ ಇಲಿಗಳನ್ನು ಎರಡು ಪಾಲು ಮಾಡಿದ್ದರು. ಒಂದು ಪಾಲು ಸದ್ದಿನ ಕೋಣೆಗೆ. ಅಲ್ಲಿ ಯಂತ್ರವೊಂದು ಆಗಾಗ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಇನ್ನೊಂದು ಪಾಲು ಸದ್ದಿಲ್ಲದ ಕೋಣೆಗೆ. ಹೆದರಿದ ಇಲಿಯ ಕೂದಲು ಬೇಗ ನಿಲ್ಲುತ್ತದೆ, ನೆಮ್ಮದಿಯಾಗಿದ್ದ ಇಲಿಯದು ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸುವುದು ಮೇಡಂ ಉದ್ದೇಶ. ಯಂತ್ರದ ಸದ್ದು ತಾಗಬಾರದೆಂದು ಕಟ್ಟಡದ ಇನ್ನೊಂದು ತುದಿಯಲ್ಲಿದ್ದ ಹಳೆಯ ದಾಸ್ತಾನು ಕೋಣೆಯನ್ನು ಸದ್ದಿಲ್ಲದ ಕೋಣೆ ಮಾಡಿದ್ದರು. ಅದಕ್ಕೆ ಹಿಂದಿನ ಗಲ್ಲಿಗೆ ತೆರೆಯುವ ಒಂದು ಕಬ್ಬಿಣದ ಬಾಗಿಲಿತ್ತು. ಬಾಗಿಲಾಚೆ, ಲಾರಿಯಿಂದ ಮೂಟೆ ಇಳಿಸಲು ಕಟ್ಟಿದ ಆಳೆತ್ತರದ ಕಟ್ಟೆ, ಪಕ್ಕದಲ್ಲಿ ಮೆಟ್ಟಿಲು, ಅಂಚಿಗೆ ತಡೆಯಲು ಕಂಬಿ ಗಿಂಬಿ ಏನೂ ಇಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ.

ಗಂಡನಿಗೆ ಈ ಬಾಗಿಲು ಸಿಕ್ಕಿದ್ದೇ ಆಗ. ಮುಂದಿನ ಗೇಟಿನಲ್ಲಿ ವಾಚ್‌ಮನ್ ಇದ್ದ, ಹಿಂದೆ ಯಾರೂ ಇರಲಿಲ್ಲ. ಬೆಳಿಗ್ಗೆ ಅವಳೊಬ್ಬಳೇ ಒಳಗಿರುವ ಹೊತ್ತು ನೋಡಿ ಸ್ಕೂಟರಿನಲ್ಲಿ ಬರುತ್ತಿದ್ದ. ಕಟ್ಟೆ ಹತ್ತಿ, ಲಾರಿ ಚಕ್ರದ ನಟ್ಟು ಬಿಚ್ಚುವ ಉದ್ದನೆಯ ಸ್ಪ್ಯಾನರಿನಿಂದ ಆ ಕಬ್ಬಿಣಕ್ಕೆ ಬಡಿಯುತ್ತಿದ್ದ. ಒಳಗಿನ ಗೋಡೆ ಅದುರುತ್ತಿತ್ತು.

"ಏಯ್, ಬಾರೇ ಆಚೆ! ಎಷ್ಟು ದಿನ ಇಲಿ ಬಿಲದಲ್ಲಿ ಕೂತಿರ್ತೀಯ ನೋಡ್ತೀನಿ! ಇಲ್ಲಿ ದಿನಾ ಬಂದು ರಂಪ ಮಾಡಿದ್ರೆ ಅವರೇ ನಿನ್ನ ಕತ್ತು ಹಿಡಿದು ಆಚೆ ದಬ್ತಾರೆ. ಆಗ ಎಲ್ಲಿಗೆ ಹೋಗ್ತೀಯೇ? ನನ್ನ ಕಾಲಡಿಗೇ ಬರಬೇಕು ನೀನು!"

ಅವಳು ಒಂದೇ ಒಂದು ಸಲ ಬಾಗಿಲ ಸಂದಿಗೆ ಬಾಯಿಟ್ಟು, "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ. ಇದೊಂದು ಕೆಲಸ ಕಳೀಬೇಡಿ" ಎಂದಿದ್ದಳು. ಅದನ್ನು ಕೇಳಿ ಅವನಿಗೆ ಹುರುಪು ಬಂದು ಇನ್ನೂ ಜೋರಾಗಿ ಬಡಿದ. ಆಮೇಲೆ ಅವಳು ಮಾತಾಡುವುದನ್ನೇ ಬಿಟ್ಟಳು. ವಾಚ್‌ಮನ್‌ಗೆ ಈ ಸದ್ದು ಕೇಳಿಸುತ್ತಿತ್ತು, ಖಂಡಿತ ಕೇಳಿಸುತ್ತಿತ್ತು. ಆದರೆ ಅವನದು ಜಾಣ ಕಿವುಡು. "ಸಂಸಾರದ ವಿಷಯ ಅಕ್ಕ, ನಾನು ತಲೆ ಹಾಕೋದು ಸರಿಯಲ್ಲ" ಎಂದು ಬೀಡಿ ಹಚ್ಚಿಕೊಳ್ಳುತ್ತಿದ್ದ. ಉಳಿದವರು ಬರುವ ಹೊತ್ತಿಗೆ ಸ್ಕೂಟರು ಹೊರಟುಹೋಗಿರುತ್ತಿತ್ತು.

ಇಲಿಮನೆಯಲ್ಲಿ ಒಂದು ನಿಯಮವಿತ್ತು. ಯಾವ ಇಲಿಗೂ ಬೆಳಕಾಗಲಿ ಗಾಳಿಯಾಗಲಿ ಹೆಚ್ಚು ಕಡಿಮೆ ಆಗಬಾರದೆಂದು ಪ್ರತಿ ಸೋಮವಾರ ಪೆಟ್ಟಿಗೆಗಳ ಜಾಗ ಬದಲಿಸಬೇಕು. ಬಾಗಿಲ ಪಕ್ಕದ ಸಾಲು ಒಳಗೆ ಹೋಗಬೇಕು, ಒಳಗಿನದು ಬಾಗಿಲಿಗೆ ಬರಬೇಕು. ವರ್ಷಗಟ್ಟಲೆ ಇದನ್ನು ತಪ್ಪದೆ ಮಾಡಿದ್ದ ಇಲಿಯಕ್ಕ ಆ ಸಲ ಮಾಡಲಿಲ್ಲ. ಒಳಗಿನ ಸಾಲಿನ ಒಂದು ಪೆಟ್ಟಿಗೆಯನ್ನು ಎತ್ತಿ ಬಾಗಿಲ ಬಳಿ ತಂದವಳು, ಅದರೊಳಗೆ ಒಂದರ ಮೇಲೊಂದು ಬಿದ್ದು ನೆಮ್ಮದಿಯಾಗಿ ಮಲಗಿದ್ದ ಇಲಿಗಳನ್ನು ನೋಡಿ ಹಾಗೇ ನಿಂತಳು. ಬಾಗಿಲ ಪಕ್ಕದವು ಹೇಗೂ ಏಟಿನ ಸದ್ದು ಕೇಳಿ ಪಳಗಿವೆ, ಅವಕ್ಕೆ ರೂಢಿಯಾಗಿದೆ, ಸುಮ್ಮನೆ ಇವನ್ನೂ ಯಾಕೆ ಹೆದರಿಸಬೇಕು ಎಂದುಕೊಂಡು ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟುಬಿಟ್ಟಳು. ತಾನು ತಿನ್ನುತ್ತಿದ್ದ ಏಟಿನ ಬಗ್ಗೆ ಅಣ್ಣ, ಅತ್ತೆ, ನೆರೆಮನೆಯವರು ಎಲ್ಲರೂ ಹೇಳಿದ್ದು ಇದೇ ಮಾತು, 'ಅವಳಿಗೆ ರೂಢಿಯಾಗಿದೆ ಬಿಡಿ' ಎಂಬ ಮಾತು. ಅದು ತನ್ನ ಬಾಯಿಗೂ ಬಂತು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಚರ್ಮ ನೋಡಲು ಎಣಿಸಿಟ್ಟ ದಿನ ಬಂತು. ಎರಡೂ ಪಾಲಿನಿಂದ ಕೆಲವು ಇಲಿಗಳನ್ನು ಇಲಿಯಕ್ಕ ಕೊಂದು ಕೊಟ್ಟಳು, ಮೇಡಂ ಸುಲಿದು ಚರ್ಮ ತಿರುಗಿಸಿದರು. ಸದ್ದಿನ ಕೋಣೆಯವು ಕೆಂಪು. ಸರಿ, ಅಂದುಕೊಂಡ ಹಾಗೆಯೇ ಇತ್ತು. ಸದ್ದಿಲ್ಲದ ಕೋಣೆಯ ಮೊದಲನೆಯದು ಕಪ್ಪು. ಎರಡನೆಯದು ಕೆಂಪು. ಮೂರನೆಯದು ಇನ್ನೂ ಕೆಂಪು. ಮೇಡಂ ಕೈಯಲ್ಲಿದ್ದ ಕತ್ತರಿಯನ್ನು ತಟ್ಟೆಗೆ ಬಿಸುಟರು.

"ಏನು ಮಾಡಿದ್ರಿ ಇಲಿಯಕ್ಕ? ಏನು ಹಾಕಿದ್ರಿ ಇವಕ್ಕೆ? ಎರಡು ವರ್ಷದ ಕೆಲಸ ಇದು! ನೀರು ಮರೆತ್ರಾ? ದೀಪ ಹಾಕಿಟ್ಟು ಹೋದ್ರಾ? ಮಾತಾಡಿ!"

"ಇಲ್ಲ ಮೇಡಂ."

"ಪೆಟ್ಟಿಗೆ ಜಾಗ ಬದಲಾಯಿಸಿದ್ರಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಇಲ್ಲ ಮೇಡಂ. ಈ ಸಲ ಇದ್ದಲ್ಲೇ ಬಿಟ್ಟೆ."

"ಬಿಟ್ರಾ? ಯಾರನ್ನ ಕೇಳಿ ಬಿಟ್ರಿ?" ಮೇಡಂ ಮುಖ ಕೆಂಪಾಗಿತ್ತು. "ನಾಳೆಯಿಂದ ಬರಬೇಡಿ ಅಂತ ಹೇಳೋಕೆ ನನಗೆ ಒಂದು ನಿಮಿಷ ಸಾಕು, ಗೊತ್ತಾ?"

ಗೊತ್ತಿತ್ತು. ಅವಳಿಗೆ ಕಲ್ಲುತೊಟ್ಟಿಯ ಅಂಚು ಕಣ್ಣ ಮುಂದೆ ಬಂತು. ಆದರೆ ಮೇಡಂ ಅಷ್ಟರಲ್ಲಿ ಬೈಯುವುದನ್ನು ನಿಲ್ಲಿಸಿ, ಸತ್ತ ಇಲಿಗಳ ಪೆಟ್ಟಿಗೆಯ ಚೀಟಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಎದ್ದು ಹೋಗಿ ಕೋಣೆಯಲ್ಲಿ ಪೆಟ್ಟಿಗೆ ಇದ್ದ ಜಾಗ ನೋಡಿಬಂದರು. ಕೆಂಪಾದವೆಲ್ಲ ಬಾಗಿಲ ಪಕ್ಕದ ಸಾಲಿನವು. ನಡುವಿನ ಸಾಲಿನದು ಅಲ್ಲಲ್ಲಿ ಬಣ್ಣಗೆಟ್ಟಿತ್ತು. ಒಳಗಿನದು ಅಚ್ಚ ಕಪ್ಪು. ನಿಯಮದ ಪ್ರಕಾರ ಜಾಗ ಬದಲಿಸಿದ್ದರೆ ಎಲ್ಲ ಕಲಸಿಹೋಗಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಆ ಬಾಗಿಲಾಚೆ ಏನಿದೆ ಇಲಿಯಕ್ಕ?" ಮೇಡಂ ದನಿ ಈಗ ಬೇರೆಯಾಗಿತ್ತು.

"ಏನಿಲ್ಲ ಮೇಡಂ. ಗಲ್ಲಿ."

"ನಾಳೆ ಬೆಳಿಗ್ಗೆ ನಿಮ್ಮ ಜೊತೆ ನಾನೂ ಬರ್ತೀನಿ" ಎಂದರು.

ಮರುದಿನ ಮೇಡಂ ಹೇಳಿದಂತೆಯೇ ಬಂದರು. ಇಲಿಗಳ ಕಣ್ಣಿಗೆ ಕಾಣದ ಕೆಂಪು ದೀಪವೊಂದನ್ನು ಹಚ್ಚಿ, ಬಾಗಿಲ ಪಕ್ಕದ ಸಾಲಿನ ಎದುರು ಸ್ಟೂಲು ಹಾಕಿಕೊಂಡು ಕೂತರು. ಇಲಿಯಕ್ಕನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಇವತ್ತೊಂದು ದಿನ ಅವನು ಬಾರದಿರಲಿ, ಇವತ್ತೊಂದು ದಿನ ಸ್ಕೂಟರು ಕೆಟ್ಟು ನಿಲ್ಲಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಇಲಿಗಳು ಹೊಟ್ಟು ಕೆದಕುತ್ತಾ, ಮೀಸೆ ತಿಕ್ಕಿಕೊಳ್ಳುತ್ತಾ ಓಡಾಡಿಕೊಂಡಿದ್ದವು.

ಗಲ್ಲಿಯ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿತು.

ಇನ್ನೂ ಒಂದು ಏಟೂ ಬಿದ್ದಿರಲಿಲ್ಲ. ಆದರೆ ಬಾಗಿಲ ಪಕ್ಕದ ಸಾಲಿನ ಇಲಿಗಳೆಲ್ಲ ಇದ್ದಕ್ಕಿದ್ದಂತೆ ನಿಂತವು. ಆಮೇಲೆ ಪ್ರತಿ ಪೆಟ್ಟಿಗೆಯಲ್ಲೂ ಬಾಗಿಲಿಗೆ ದೂರವಾದ ಮೂಲೆಗೆ ನುಗ್ಗಿ, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತುರುಕಿಕೊಂಡು, ನಡುಗುತ್ತಾ ಕೂತವು. ಒಂದು ಇಲಿಗೆ ಕೂತಲ್ಲೇ ಉಚ್ಚೆ ಹೋಯಿತು. ಇಲಿಯಕ್ಕ ದಿನಾ ಆ ಹೊತ್ತಿನಲ್ಲಿ ಕಿವಿ ಮುಚ್ಚಿಕೊಂಡು ನೆಲ ನೋಡುತ್ತಾ ನಿಲ್ಲುತ್ತಿದ್ದವಳು. ಇಲಿಗಳ ಕಡೆ ನೋಡಿರಲೇ ಇಲ್ಲ. ಹನ್ನೊಂದು ವರ್ಷ ಅದೇ ಸ್ಕೂಟರಿನ ಸದ್ದಿಗೆ ಅಡುಗೆಮನೆಯ ಮೂಲೆ ಸೇರುತ್ತಿದ್ದವಳು ಅವಳು. ಪಳಗಿವೆಯಂತೆ! ರೂಢಿಯಾಗಿದೆಯಂತೆ! ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು ಅವಳಿಗೆ.

ಢಣ್ ಎಂದು ಮೊದಲ ಏಟು ಬಿತ್ತು. ಮೇಡಂ ಸ್ಟೂಲಿನಿಂದ ಜಿಗಿದೆದ್ದರು. ಎರಡು, ಮೂರು, ನಾಲ್ಕು. ಜೊತೆಗೆ ಅವನ ಬಾಯಿ. "ಆಚೆ ಬಾರೇ! ಇವತ್ತು ನಿನ್ನ ಉಳಿದ ಹಲ್ಲೂ ಉದುರಿಸದಿದ್ರೆ ಕೇಳು!"

"ಯಾರದು?" ಎಂದರು ಮೇಡಂ.

"ನನ್ನ ಗಂಡ" ಎಂದಳು ಇಲಿಯಕ್ಕ. ಮೇಡಂ ಫೋನು ಹುಡುಕುತ್ತಿದ್ದರು. ಅವಳು ಕಾಯಲಿಲ್ಲ. ಇಷ್ಟು ವರ್ಷ ತನ್ನ ಸಲುವಾಗಿ ಬಾರದ ಸಿಟ್ಟು ಆ ಮೂಲೆಯಲ್ಲಿ ನಡುಗುತ್ತಿದ್ದ ಇಲಿಗಳ ಸಲುವಾಗಿ ಬಂದಿತ್ತು, ಅಂಗಾಲಿನಿಂದ ನೆತ್ತಿಯವರೆಗೆ ಬಂದಿತ್ತು. ಹೋಗಿ ಅಗುಳಿ ಎಳೆದು ಬಾಗಿಲನ್ನು ಹೊರಗೆ ದಬ್ಬಿದಳು.

ಬಾಗಿಲ ಅಂಚು ಅವನ ಹಣೆಗೆ ಬಡಿಯಿತು. ಸ್ಪ್ಯಾನರು ಕಟ್ಟೆಯ ಮೇಲೆ ಬಿತ್ತು. ಹುಬ್ಬಿನ ಮೇಲೆ ರಕ್ತ ಒಡೆದು ಕಣ್ಣಿಗೆ ಇಳಿಯುತ್ತಿದ್ದರೂ ಅವನು ಹಲ್ಲು ಕಿರಿದ. "ಬಂದ್ಯಾ, ಬಾ" ಎಂದವನೇ ಅವಳ ತಲೆಬಟ್ಟೆ ಕಿತ್ತೆಸೆದು, ಜಡೆಗೆ ಕೈ ಹಾಕಿ, ಅಭ್ಯಾಸಬಲದಿಂದ ಮುಂಗೈಗೆ ಎರಡು ಸುತ್ತು ಸುತ್ತಿದ. ಆಮೇಲೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ಮೈಯ ಭಾರವನ್ನೆಲ್ಲ ಹಾಕಿ ಎಳೆದ.

ಚೌರಿ ಕಳಚಿ ಬಂತು.

ಮೋಟು ಜುಟ್ಟಿನ ಸಡಿಲ ಕೂದಲೂ ಒಂದು ಹಿಡಿ ಅದರ ಜೊತೆಗೇ ಹೋಯಿತು. ಬುಡ ಬಿಟ್ಟ ಕೂದಲು, ನೋವು ಕೂಡ ಆಗಲಿಲ್ಲ. ಎದುರಿನಿಂದ ತಡೆಯೇ ಇಲ್ಲದ ಆ ಎಳೆತಕ್ಕೆ ಅವನು ತಡವರಿಸುತ್ತಾ ಹಿಂದೆ ಹಿಂದೆ ಹೋದ. ಕೈಗೆ ಸುತ್ತಿದ್ದ ತಲೆಯಿಲ್ಲದ ಜಡೆಯನ್ನು ನೋಡುತ್ತಲೇ ಕಟ್ಟೆಯ ಅಂಚು ದಾಟಿದ. ಕೆಳಗೆ ಗಲ್ಲಿಯ ಕಲ್ಲುಹಾಸಿಗೆ ಸೊಂಟ ಮೊದಲು ಬಿತ್ತು, ಆಮೇಲೆ ತಲೆ. ಮೂಳೆ ಮುರಿದ ಸದ್ದು ಇಲಿಯಕ್ಕನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಆ ಸದ್ದನ್ನು ಅವಳು ಬಲ್ಲಳು.

ಅವಳು ಸ್ಪ್ಯಾನರನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅವನ ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಮೊದಲು ಸೂಳೆ, ಮುಂಡೆ ಎಂದು ಬೈದ. ಅವಳು ಹತ್ತಿರ ಬಂದು ನಿಂತ ಮೇಲೆ, "ಎತ್ತೇ, ಎತ್ತು... ನೀರು ಕೊಡು... ತಪ್ಪಾಯ್ತು ಕಣೇ" ಎಂದ. ಜಡೆ ಸುತ್ತಿದ್ದ ಕೈ ಕಲ್ಲಿನ ಮೇಲೆ ಚಾಚಿ ಬಿದ್ದಿತ್ತು. ಇಲಿಯಕ್ಕ ಅದನ್ನೇ ನೋಡಿದಳು. ಎರಡೂ ಕೈಯಲ್ಲಿ ಸ್ಪ್ಯಾನರು ಎತ್ತಿ ಆ ಕೈಯ ಮೇಲೆ ಒಂದೇ ಒಂದು ಏಟು ಹಾಕಿದಳು. ಎರಡನೆಯದು ಬೇಕಾಗಲಿಲ್ಲ. ಹಾಗೆ ಮಾಡಬಾರದಿತ್ತು ಎನ್ನುವವರು ಎನ್ನಲಿ. ಅವರ ಹಲ್ಲುಗಳೇನೂ ತೊಟ್ಟಿಯಲ್ಲಿ ಬಿದ್ದಿರಲಿಲ್ಲವಲ್ಲ. ಅವನು ಕಿರುಚಿದ ಕಿರುಚಾಟಕ್ಕೆ ಇಡೀ ಗಲ್ಲಿಯ ಕಿಟಕಿಗಳು ತೆರೆದವು.

ಪೊಲೀಸರು ಬಂದಾಗ ಮೇಡಂ ಬಿಳಿ ಕೋಟಿನ ಜೇಬಿಗೆ ಕೈ ಹಾಕಿ ನಿಂತು, "ಕಬ್ಬಿಣ ಹಿಡ್ಕೊಂಡು ಒಳಗೆ ನುಗ್ಗೋಕೆ ಬಂದ, ಕಟ್ಟೆಯಿಂದ ಬಿದ್ದ" ಎಂದರು. ಕೈ ಜಜ್ಜಿದ್ದು ಹೇಗೆ ಎಂದು ಕೇಳಿದರೆ, "ಬಿದ್ದಾಗಲೇ ಇರಬೇಕು" ಎಂದರು. ಪೊಲೀಸರು ವಾಚ್‌ಮನ್‌ನನ್ನು ಕೇಳಿದರು. "ನಾನೇನೂ ನೋಡ್ಲಿಲ್ಲ ಸಾರ್, ನನಗೇನೂ ಕೇಳಿಸ್ಲೂ ಇಲ್ಲ" ಎಂದ. ಅವನ ಜಾಣ ಕಿವುಡಿನಿಂದ ಒಂದು ಸಲವಾದರೂ ಉಪಯೋಗವಾಯಿತು.

ಎಲ್ಲ ಮುಗಿದ ಮೇಲೆ ಮೇಡಂ ಅವಳ ಬೋಳು ಬೋಳಾದ ನೆತ್ತಿಯನ್ನು ತುಂಬ ಹೊತ್ತು ನೋಡಿದರು. "ಮೂರು ವಾರದಿಂದ ಇಲಿ ಬೆನ್ನು ನೋಡ್ತಾ ಇದ್ದೀನಿ, ನಿಮ್ಮ ತಲೆ ನೋಡಲೇ ಇಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಬಾಗಿಲ ಪಕ್ಕದ ಸಾಲು ಇವತ್ತೇ ಮುಗಿಸಬೇಕು ಇಲಿಯಕ್ಕ. ಈಗಿನ ಚರ್ಮವೇ ನನಗೆ ಬೇಕು. ನಿಮ್ಮ ಕೈಲಾಗದಿದ್ರೆ ನಾನು ಮಾಡ್ತೀನಿ" ಎಂದರು.

"ಬೇಡ. ಅವಕ್ಕೆ ನನ್ನ ಕೈ ಗೊತ್ತು."

ಒಂದೊಂದನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿದಳು. ಆವತ್ತು ಅವುಗಳ ಎದೆಬಡಿತ ಇಳಿಯಲೇ ಇಲ್ಲ, ಎಷ್ಟು ಹೊತ್ತು ಹಿಡಿದರೂ ಇಳಿಯಲಿಲ್ಲ. ಗಂಡನ ಕೈ ಜಜ್ಜುವಾಗ ಬಾರದ ಅಳು ಈಗ ಬಂತು. "ತಪ್ಪು ನಂದೇ ಮರಿ, ನಾನೇ ನಿಮ್ಮನ್ನ ಅಲ್ಲಿಟ್ಟೆ" ಎಂದು ಹೇಳಿ ಹೇಳಿ ಕೊಂದಳು. ಕಣ್ಣು ಮಂಜಾಗಿದ್ದರೂ ಕೈ ತಪ್ಪಲಿಲ್ಲ.

ಕೆಲವು ದಿನಗಳ ಮೇಲೆ ಮೇಡಂ ಅವಳನ್ನು ಕರೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದರು. ಬಾಗಿಲ ಪಕ್ಕದ ಇಲಿಯ ಚರ್ಮದ, ಹೊಳೆಯುವ ಬಣ್ಣ ಹಾಕಿದ ಒಂದು ತುಣುಕು. ಕತ್ತಲಲ್ಲಿ ಹಸಿರು ಎಳೆಗಳು ಕೂದಲ ಬುಡವನ್ನು ತಬ್ಬಿಕೊಂಡಿದ್ದವು, ಎಳೆಯ ಮೇಲೆ ಅಲ್ಲಲ್ಲಿ ಉಬ್ಬಿದ ಹೊಳೆಯುವ ಚುಕ್ಕೆಗಳು.

"ಇದು ನರ. ಈ ಚುಕ್ಕೆಗಳೆಲ್ಲ ಆ ಪದಾರ್ಥ. ಒಳಗಿನ ಸಾಲಿನ ಇಲೀಲಿ ಇಷ್ಟಿಲ್ಲ."

"ನನ್ನ ತಲೇನೂ ಹೀಗೇ ಇದ್ಯಾ ಮೇಡಂ?"

"ತೆಗೆದು ನೋಡೋಕಾಗಲ್ಲ. ಆದ್ರೆ ಹೀಗೇ ಇರಬೇಕು."

ಕೆಲಸ ಹೋಗಲಿಲ್ಲ. ಆದರೆ ಜನ ಬಿಡಬೇಕಲ್ಲ. ಒಂದು ಸಂಜೆ ಅಣ್ಣ ಸೈಕಲ್ ಅಂಗಡಿಯ ಮಹಡಿ ಹತ್ತಿ ಬಂದ. ಏಟು ತಿಂದು ಬಂದಾಗ ಮನೆಯಲ್ಲಿ ಜಾಗವಿಲ್ಲದಿದ್ದ ಅಣ್ಣನಿಗೆ ಈಗ ತಂಗಿಯ ಮನೆಯ ದಾರಿ ಗೊತ್ತಾಗಿತ್ತು. "ಅವನ ಸೊಂಟಕ್ಕೆ ಕಂಬಿ ಹಾಕಿದ್ದಾರಮ್ಮ, ಬಲಗೈ ಬೆರಳು ಮಡಚೋಕೆ ಬರಲ್ಲ. ಇನ್ನು ಹೊಡೆಯೋಕೆ ಅವನಿಗೆ ಕೈ ಎಲ್ಲಿದೆ? ನೀನು ಹೋಗಿ ನೋಡ್ಕೋಬೇಕು" ಎಂದ.

"ಎಡಗೈ ಇದೆಯಲ್ಲಣ್ಣ" ಎಂದಳು ಅವಳು. ಒಂದು ಲೋಟ ನೀರು ಕೊಟ್ಟು ಕಳಿಸಿದಳು.

ಅವನು ಕಟ್ಟೆಯಿಂದ ಬಿದ್ದು ಮೂರು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ವಾಚ್‌ಮನ್ ತಾನಾಗಿ ಓಡಿಬಂದು, "ಅಕ್ಕ, ಗೇಟಿನ ಹತ್ತಿರ ಅವನು ಬಂದಿದ್ದಾನೆ. ಓಡಿಸ್ಲಾ?" ಎಂದು ಕೇಳಿದ. ಅವನ ಕಿವಿ ಅಂತೂ ಸರಿಹೋಗಿತ್ತು. ಬೇಡ ಎಂದು ಇಲಿಯಕ್ಕ ತಾನೇ ಹೋದಳು. ಗಂಡ ಊರುಗೋಲಿಗೆ ಒರಗಿ ನಿಂತಿದ್ದ. ಮುಖ ಇಳಿದಿತ್ತು. ತಲೆಯ ಮೇಲೆ ಉಣ್ಣೆಯ ಟೋಪಿ.

"ಮನೇಗೆ ಬಾ" ಎಂದ. ಆಮೇಲೆ ಟೋಪಿ ತೆಗೆದ. "ನೋಡು. ನೋಡು ನೀನು ಏನು ಮಾಡಿದ್ದೀಯ ಅಂತ. ದಿಂಬೆಲ್ಲ ಕೂದಲು. ಯಾವ ಎಣ್ಣೆಗೂ ನಿಲ್ತಿಲ್ಲ."

ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿ, ಒಳಗಿನ ಚರ್ಮ ಕಾಣುತ್ತಿತ್ತು. ಅವಳು ಹತ್ತಿರ ಹೋಗಿ ಕೈ ಎತ್ತಿದಳು. ಅವನು ಕತ್ತು ಒಳಗೆಳೆದು ಕಣ್ಣು ಮುಚ್ಚಿಕೊಂಡ. ಇಲಿಯಕ್ಕ ಎರಡು ಬೆರಳಿನಲ್ಲಿ ಅವನ ಕೂದಲನ್ನು ಮೆಲ್ಲಗೆ ಹಿಡಿದೆಳೆದಳು. ಎಳೆಗಳ ಒಂದು ಗೊಂಚಲು ಸಲೀಸಾಗಿ ಬೆರಳಿಗೆ ಬಂತು. ಬೆಳಕಿಗೆ ಹಿಡಿದು ಬುಡ ನೋಡಿದಳು.

"ಇದು ಹೆದರಿಕೆ" ಎಂದಳು. "ಮೂರು ತಿಂಗಳ ಹಿಂದಿನದು. ಎಣ್ಣೆ ಹಚ್ಚಿದ್ರೆ ನಿಲ್ಲಲ್ಲ."

"ಮತ್ತೆ ಬರಲ್ವಾ?"

"ಬರುತ್ತೆ. ಕಾರಣ ದೂರ ಇದ್ರೆ ತಾನಾಗಿ ಬರುತ್ತೆ. ನಂಗೂ ಬಂದಿದೆ ನೋಡು." ತಲೆಬಟ್ಟೆ ಸರಿಸಿ, ಅರ್ಧ ಬೆರಳುದ್ದ ಬೆಳೆದಿದ್ದ ಹೊಸ ಕರಿ ಕೂದಲನ್ನು ತೋರಿಸಿದಳು. ಆಮೇಲೆ ಅವನ ಕಣ್ಣನ್ನೇ ನೋಡುತ್ತಾ ಹೇಳಿದಳು, "ನಿನ್ನ ಕಾರಣ ನಾನು. ನನ್ನ ಹತ್ತಿರ ಬಂದಷ್ಟೂ ಉದುರುತ್ತೆ. ದೂರ ಇರು."

ಅವಳು ಅವನನ್ನು ನೀನು ಎಂದು ಕರೆದದ್ದು ಅದೇ ಮೊದಲು. ಅವನು ಟೋಪಿ ಹಾಕಿಕೊಳ್ಳಲು ಹೋದ. ಬಲಗೈ ಬೆರಳು ಮಡಚಲಿಲ್ಲ, ಟೋಪಿ ಕೆಳಗೆ ಬಿತ್ತು. ಅವಳು ಎತ್ತಿಕೊಡಲಿಲ್ಲ. ವಾಚ್‌ಮನ್ ಎತ್ತಿ ಅವನ ತಲೆಗೆ ಹಾಕಿ, ತೋಳು ಹಿಡಿದು ರಸ್ತೆಯವರೆಗೆ ಬಿಟ್ಟುಬಂದ.

ಇಲಿಯಕ್ಕ ಒಳಗೆ ಹೋದಳು. ಆವತ್ತು ಸೋಮವಾರ. ಸದ್ದಿಲ್ಲದ ಕೋಣೆಯಲ್ಲಿ ಹೊಸ ಇಲಿಗಳಿದ್ದವು. ಬಾಗಿಲ ಪಕ್ಕದ ಸಾಲನ್ನು ಒಳಗೆ ಒಯ್ದು, ಒಳಗಿನದನ್ನು ಬಾಗಿಲಿಗೆ ತಂದು, ಪೆಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸಿದಳು.